ದೇವರ ವಾಕ್ಯದ ಜೊತೆ ಒಂಟಿಯಾಗಿ ಕೂರಲು ಯಾವ ದಾರಿ ನಿಮಗೆ ಸರಿ?

ಬೆಳಿಗ್ಗೆ ಎದ್ದು ಸತ್ಯವೇದ ಹಿಡಿದು ಕೂರುತ್ತೀರಿ. ಮೂರು ಅಧ್ಯಾಯ ಓದಿ ಮುಗಿಸುತ್ತೀರಿ. ಪುಸ್ತಕ ಮುಚ್ಚಿ ಒಲೆ ಹಚ್ಚುವಷ್ಟರಲ್ಲಿ ‘ಇವತ್ತು ಏನು ಓದಿದೆ?’ ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಬರುವುದಿಲ್ಲ. ನನಗೆ ವರ್ಷಗಟ್ಟಲೆ ಹೀಗೇ ಆಗಿದೆ. ಸಭೆಯಲ್ಲಿ ಮಾತಿಗೆ ಸಿಕ್ಕ ಎಷ್ಟೋ ಜನ ಇದನ್ನೇ ಹೇಳುತ್ತಾರೆ, ದನಿ ತಗ್ಗಿಸಿ, ತಮಗೊಬ್ಬರಿಗೇ ಹೀಗೆ ಆಗುತ್ತಿದೆ ಅನ್ನೋ ಹಾಗೆ.

ಹಾಗೆ ಹೇಳಿಕೊಂಡವರಿಗೆ ಒಬ್ಬೊಬ್ಬರು ಒಂದೊಂದು ದಾರಿ ತೋರಿಸುತ್ತಾರೆ. ವರ್ಷಕ್ಕೊಂದು ಸಲ ಇಡೀ ಬೈಬಲ್ ಓದಿ ಅಂತ ಒಬ್ಬರು. ದಿನಕ್ಕೆ ಒಂದೇ ವಚನ ಸಾಕು ಅಂತ ಇನ್ನೊಬ್ಬರು. ಕ್ಯಾಥೊಲಿಕ್ ಗೆಳೆಯರು ಲೆಕ್ಸಿಯೊ ದಿವಿನಾ ಅನ್ನುತ್ತಾರೆ, ಚಿಕ್ಕ ಭಾಗವನ್ನು ನಿಧಾನವಾಗಿ ಓದಿ ಧ್ಯಾನಿಸುವ ಹಳೆಯ ಪದ್ಧತಿ ಅದು. ಮೂರು ದಿನ ರಜೆ ಹಾಕಿ ಆಶ್ರಮಕ್ಕೆ ಹೋಗಿ ಬಾ ಅನ್ನುವವರೂ ಇದ್ದಾರೆ. ಇವೆಲ್ಲ ಒಳ್ಳೆಯವೇ, ಆದರೆ ಎಲ್ಲರಿಗೂ ಅಲ್ಲ, ಎಲ್ಲ ಕಾಲಕ್ಕೂ ಅಲ್ಲ. ಹನ್ನೆರಡು ವರ್ಷಗಳಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ನಾನು ಮಾಡಿದ್ದೇನೆ, ಕೆಲವನ್ನು ಅರ್ಧಕ್ಕೆ ಬಿಟ್ಟಿದ್ದೇನೆ, ಒಂದೆರಡನ್ನು ಮತ್ತೆ ಹಿಡಿದಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಚ್ಚಿನವರಿಗೆ ಓದುವುದು ಕಡಿಮೆಯಾಗಿಲ್ಲ, ನಿಲ್ಲುವುದು ಕಡಿಮೆಯಾಗಿದೆ. ಭಾನುವಾರ ಎರಡು ಗಂಟೆ ಆರಾಧನೆ, ಬುಧವಾರ ಮನೆಕೂಟ, ಶುಕ್ರವಾರ ಉಪವಾಸ ಪ್ರಾರ್ಥನೆ, ನಡುವೆ ಮೊಬೈಲಿನಲ್ಲಿ ಬರುವ ಪ್ರಸಂಗಗಳು. ವಾಕ್ಯ ಕಿವಿಗೆ ಬೀಳುತ್ತಲೇ ಇರುತ್ತದೆ. ಅದು ಒಳಗೆ ಇಳಿಯಲು ಜಾಗ ಇಲ್ಲ, ಹೊತ್ತೂ ಇಲ್ಲ. ಹಾಗಾಗಿ ಎರಡು ದಾರಿಗಳ ನಡುವೆ ಆರಿಸಲು ಗೊತ್ತಾಗದಿದ್ದರೆ ಚಿಕ್ಕ ಭಾಗ, ಜಾಸ್ತಿ ಹೊತ್ತು ಇರುವ ದಾರಿಯನ್ನು ಆರಿಸಿ.

‘ಧ್ಯಾನ’ ಅನ್ನುವ ಪದಕ್ಕೆ ಹೆದರಬೇಕಾ?

ನಮ್ಮ ಸಭೆಗಳಲ್ಲಿ ಕೆಲವರಿಗೆ ಧ್ಯಾನ ಅಂದ ಕೂಡಲೇ ಗಾಬರಿ. ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡುವುದು, ಅದು ನಮ್ಮದಲ್ಲ ಅನ್ನುತ್ತಾರೆ. ಆದರೆ ನಮ್ಮ ಕನ್ನಡ ಸತ್ಯವೇದದ ಮೊದಲನೇ ಕೀರ್ತನೆಯಲ್ಲೇ ಹಗಲಿರುಳು ಧ್ಯಾನಿಸುವವನ ಮಾತಿದೆ. ಅಲ್ಲಿರುವ ಮೂಲ ಹೀಬ್ರೂ ಪದ ‘ಹಾಗಾ’. ಯೆಶಾಯ 31ರಲ್ಲಿ ಬೇಟೆಯ ಮೇಲೆ ನಿಂತು ಗುರುಗುಟ್ಟುವ ಸಿಂಹಕ್ಕೂ ಅದೇ ಪದ, 38ರಲ್ಲಿ ಪಾರಿವಾಳದ ನರಳಾಟಕ್ಕೂ ಅದೇ. ಅಂದರೆ ಅದು ಸದ್ದಿರುವ ಕೆಲಸ. ತುಟಿ ಆಡುತ್ತದೆ, ಗಂಟಲಲ್ಲಿ ಗುನುಗು ಇರುತ್ತದೆ. ಯೆಹೋಶುವ 1:8ರಲ್ಲಿ ಧರ್ಮಶಾಸ್ತ್ರ ಬಾಯಿಂದ ತಪ್ಪದಿರಲಿ ಅಂತ ಹೇಳಿರುವುದು ಸುಮ್ನೆ ಅಲ್ಲ.

ಇದಕ್ಕೆ ಕನ್ನಡದಲ್ಲಿ ನಮ್ಮ ಮನೆಯ ಮಾತೇ ಇದೆ: ಮೆಲುಕು ಹಾಕುವುದು. ಹಸು ಗಬಗಬ ಮೇಯ್ದು ಬರುತ್ತದೆ, ಆಮೇಲೆ ನೆರಳಲ್ಲಿ ಮಲಗಿ ಅದನ್ನೇ ಮತ್ತೆ ಬಾಯಿಗೆ ತಂದುಕೊಂಡು ಅಗಿಯುತ್ತದೆ. ಯೂರೋಪಿನ ಹಳೆಯ ಮಠಗಳಲ್ಲಿ ಸನ್ಯಾಸಿಗಳು ವಾಕ್ಯಧ್ಯಾನಕ್ಕೆ ಲ್ಯಾಟಿನ್‌ನಲ್ಲಿ ಇಟ್ಟ ಹೆಸರೂ ಇದೇ, ‘ರುಮಿನಾಸಿಯೊ’, ಮೆಲುಕು. ಅಷ್ಟು ದೂರದವರಿಗೂ ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲಿ ಕಾಣುವ ಚಿತ್ರವೇ ಹೊಳೆದಿದೆ ಅನ್ನುವುದು ನನಗೆ ತುಂಬಾ ಹಿಡಿಸುತ್ತದೆ. ಖಾಲಿ ಮಾಡುವ ಪ್ರಶ್ನೆಯೇ ಇಲ್ಲಿ ಇಲ್ಲ. ಮೇಯ್ದದ್ದು ಹೊಟ್ಟೆಯಲ್ಲಿ ಇದ್ದರೆ ತಾನೇ ಮೆಲುಕು?

ಏಕಾಂತ ಎಲ್ಲಿ ಸಿಗುತ್ತದೆ: ಮನೆಯಲ್ಲೋ, ಹೊರಗೋ?

ವಿಧಾನದ ಮಾತು ಆಮೇಲೆ. ಮೊದಲು ಜಾಗ. ಇದನ್ನು ಸರಿ ಮಾಡಿಕೊಳ್ಳದೆ ವಿಧಾನ ಬದಲಾಯಿಸುತ್ತಾ ಹೋದವರನ್ನು ನೋಡಿದ್ದೇನೆ, ನಾನೂ ಹಾಗೆ ಮಾಡಿದ್ದೇನೆ.

ನಮ್ಮದು ಎರಡು ಕೋಣೆಯ ಮನೆ, ಐದು ಜನ. ಅಡುಗೆಮನೆಯಲ್ಲಿ ಕುಕ್ಕರ್, ಹೊರಕೋಣೆಯಲ್ಲಿ ಟಿವಿ, ಒಳಗೆ ಮಕ್ಕಳು. ‘ನಿನ್ನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊ’ ಅನ್ನುವ ಮತ್ತಾಯ 6ರ ಮಾತನ್ನು ಓದುವಾಗ ನನಗೆ ಯಾವ ಕೋಣೆ ಅಂತ ಅನಿಸುತ್ತಿತ್ತು. ಅಲ್ಲಿರುವ ಗ್ರೀಕ್ ಪದಕ್ಕೆ ಉಗ್ರಾಣ ಅನ್ನುವ ಅರ್ಥವೂ ಇದೆ, ದವಸ ಧಾನ್ಯ ತುಂಬಿಡುವ ಒಳಕೋಣೆ. ಅದು ತಿಳಿದ ದಿನ ನನಗೆ ದೊಡ್ಡ ಬಿಡುಗಡೆ ಆಯಿತು. ಯೇಸು ಹೇಳಿದ್ದು ಚೆಂದದ ಪ್ರಾರ್ಥನಾ ಕೊಠಡಿ ಅಲ್ಲ. ಅಕ್ಕಿ ಮೂಟೆ, ಎಣ್ಣೆ ಡಬ್ಬದ ನಡುವೆ ಕೂರುವಷ್ಟು ಜಾಗ. ನನಗೆ ಅಂಥ ಜಾಗ ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಸಿಕ್ಕಿತು. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ.

ಮನೆಯ ಏಕಾಂತದ ಬಲ ಏನೆಂದರೆ ಅದು ದಿನಾ ಸಿಗುತ್ತದೆ, ಕಾಸು ಬೇಕಿಲ್ಲ. ಅದರ ಕಷ್ಟ ಏನೆಂದರೆ ಮನೆಯವರು. ಇದನ್ನು ಕೆಟ್ಟ ಅರ್ಥದಲ್ಲಿ ಹೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಒಬ್ಬರು ಒಂಟಿಯಾಗಿ ಕೂತರೆ ಏನೋ ಬೇಜಾರಾಗಿದೆ, ಜಗಳ ಆಗಿದೆ ಅಂತಲೇ ಅಂದುಕೊಳ್ಳುತ್ತಾರೆ, ಅಲ್ವಾ? ಹಾಗಾಗಿ ಕದ್ದು ಹೋಗಬೇಡಿ. ಹೇಳಿ ಹೋಗಿ. ‘ಐದೂವರೆಯಿಂದ ಆರರವರೆಗೆ ನಾನು ಮೇಲೆ ಇರುತ್ತೇನೆ, ಆರಕ್ಕೆ ಕೆಳಗೆ ಬರುತ್ತೇನೆ’ ಅಂತ ಹೇಳಿ, ಆರಕ್ಕೆ ಸರಿಯಾಗಿ ಬನ್ನಿ. ಎರಡು ವಾರ ಹೀಗೆ ಮಾಡಿದರೆ ಅವರೇ ನಿಮ್ಮ ಹೊತ್ತನ್ನು ಕಾಯುತ್ತಾರೆ. ಗಂಡ ಹೆಂಡತಿ ಇಬ್ಬರೂ ಬೇಕು ಅನ್ನುವವರಾದರೆ ಒಬ್ಬರು ಕೂತಾಗ ಇನ್ನೊಬ್ಬರು ಮಕ್ಕಳನ್ನು ನೋಡಿಕೊಳ್ಳಲಿ. ಹೆಂಡತಿ ಅಡುಗೆಮನೆಯಲ್ಲಿ ಒದ್ದಾಡುವಾಗ ಗಂಡ ದಿನಾ ಒಂದು ಗಂಟೆ ಮೌನದಲ್ಲಿ ಕೂತರೆ ಆ ಮೌನದ ಬೆಲೆಯನ್ನು ಬೇರೆಯವರು ಕಟ್ಟುತ್ತಿದ್ದಾರೆ ಅಂತಲೇ ಅರ್ಥ. ಇದನ್ನು ಗಂಡಸರು ಯೋಚಿಸಬೇಕು.

ಮಾರ್ಕ 1ನ್ನು ಇದೇ ಕಣ್ಣಿನಿಂದ ಓದಿ ನೋಡಿ. ಸಂಜೆ ಕಪೆರ್ನೌಮಿನ ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿದ್ದರು. ಸೀಮೋನ ಹುಡುಕಿಕೊಂಡು ಬಂದು ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂದ. ಅಂದರೆ ಅಲ್ಲೂ ಕರೆ ಬಂತು, ಅಲ್ಲೂ ಹೊತ್ತು ತುಂಡಾಯಿತು. ಆದರೆ ಆ ಹೊತ್ತಿನಿಂದ ಎದ್ದವರು ಹಿಂದಿನ ದಿನದ ಜನಸಂದಣಿಗೆ ಮರಳಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಅಂದರು. ಯಾರು ಕರೆದರೂ ಹೋಗಲೇಬೇಕು ಅನ್ನುವ ಒತ್ತಡದಿಂದ ಬಿಡಿಸುವ ಶಕ್ತಿ ಏಕಾಂತಕ್ಕಿದೆ ಅಂತ ನನಗೆ ಗೊತ್ತಾದದ್ದು ಇಲ್ಲಿಂದಲೇ.

ಇನ್ನು ಹೊರಗಿನ ಏಕಾಂತ. ಬೆಂಗಳೂರಿನ ಸುತ್ತ ಇರುವವರಿಗೆ ಮೈಸೂರು ರಸ್ತೆಯ ಕಡೆ ಬೆನೆಡಿಕ್ಟಿನ್ ಸನ್ಯಾಸಿಗಳ ಆಶೀರ್ವನಂ ಇದೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಫಾದರ್ ಅಮಲೋರ್ಪವದಾಸ್ ಕಟ್ಟಿದ ಅಂಜಲಿ ಆಶ್ರಮ ಇದೆ. ಪಕ್ಕದ ತಮಿಳುನಾಡಿನ ತಿರುಪ್ಪತ್ತೂರಿನಲ್ಲಿ 1921ರಲ್ಲಿ ಇಬ್ಬರು ವೈದ್ಯರು, ಒಬ್ಬ ತಮಿಳರು ಒಬ್ಬ ಸ್ಕಾಟ್ಲೆಂಡಿನವರು, ಶುರು ಮಾಡಿದ ಕ್ರಿಸ್ತುಕುಲ ಆಶ್ರಮ ಪ್ರಾಟೆಸ್ಟೆಂಟರದ್ದು. ಬೆನೆಡಿಕ್ಟ್ 6ನೇ ಶತಮಾನದಲ್ಲಿ ಬರೆದ ಮಠದ ನಿಯಮದಲ್ಲಿ ಬಂದ ಅತಿಥಿಯನ್ನು ಕ್ರಿಸ್ತನೇ ಬಂದ ಹಾಗೆ ಬರಮಾಡಿಕೊಳ್ಳಬೇಕು ಅನ್ನುವ ಮಾತಿದೆ. ಅದಕ್ಕೇ ಆ ಪಂಗಡದ ಮಠಗಳಲ್ಲಿ ಅತಿಥಿಗಳಿಗೆ ಜಾಗ ಇಟ್ಟಿರುತ್ತಾರೆ. ಮೊದಲೇ ಫೋನ್ ಮಾಡಿ ಕೇಳಿ ಹೋಗುವುದು ಒಳ್ಳೆಯದು.

ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಇದು ಮೌನದ ರಿಟ್ರೀಟಾ, ಪ್ರಸಂಗದ ರಿಟ್ರೀಟಾ? ನಾನು ಒಂದು ಸಲ ಏಕಾಂತ ಬೇಕು ಅಂತ ಮೂರು ದಿನ ಒಂದು ಕಡೆ ಹೋದೆ. ದಿನಕ್ಕೆ ಆರು ಗಂಟೆ ಮೈಕು, ನಡುವೆ ಗುಂಪು ಚರ್ಚೆ, ರಾತ್ರಿ ಹಾಡು. ಹಾಡಿದವರು, ಮಾತಾಡಿದವರು ಎಲ್ಲ ಒಳ್ಳೆಯವರೇ. ಆದರೆ ನಾನು ಹೋಗಿದ್ದು ಅದಕ್ಕಲ್ಲ. ದಣಿದು ಮನೆಗೆ ಬಂದೆ, ಟ್ಯಾಂಕಿನ ಹಿಂದೆ ಕೂತು ಅತ್ತೆ. ಧ್ಯಾನಕೂಟ ಅನ್ನುವ ಹೆಸರು ನಮ್ಮಲ್ಲಿ ಎರಡಕ್ಕೂ ನಡೆಯುತ್ತದೆ, ಕ್ಯಾಥೊಲಿಕರಲ್ಲೂ, ನಮ್ಮಲ್ಲೂ. ಹಾಗಾಗಿ ಕೇಳಿಯೇ ಹೋಗಿ.

ಮನೆ ಮತ್ತು ಆಶ್ರಮದ ನಡುವೆ ಆರಿಸಬೇಕು ಅಂದರೆ ನಾನು ಮನೆಯನ್ನೇ ಮೊದಲು ಹೇಳುತ್ತೇನೆ. ದಿನಾ ಹದಿನೈದು ನಿಮಿಷ ಕೂತು ಅಭ್ಯಾಸ ಇಲ್ಲದವರಿಗೆ ಮೂರು ದಿನದ ಮೌನ ತುಂಬಾ ಭಾರ. ಮೊದಲ ದಿನ ನಿದ್ದೆ ಬರುತ್ತದೆ. ಎರಡನೇ ದಿನ ಹಳೆಯ ಸಿಟ್ಟು, ಹಳೆಯ ನೋವು ಎಲ್ಲ ಎದ್ದು ಕೂರುತ್ತದೆ. ಏನು ಮಾಡಬೇಕು ಅಂತ ಹೇಳುವವರು ಇಲ್ಲದಿದ್ದರೆ ಓಡಿಹೋಗಬೇಕು ಅನಿಸುತ್ತದೆ. ಮನೆಯಲ್ಲಿ ಆರು ತಿಂಗಳು ಕೂತು, ಆಮೇಲೆ ಒಂದು ದಿನ, ಆಮೇಲೆ ಮೂರು ದಿನ. ಈ ಕ್ರಮ ಒಳ್ಳೆಯದು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮನಸ್ಸು ತೀರಾ ಕುಗ್ಗಿರುವ ಕಾಲ, ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವ ಕಾಲ, ಹತ್ತಿರದವರು ತೀರಿಕೊಂಡ ಮೊದಲ ವಾರಗಳು, ಇಂಥ ಹೊತ್ತಲ್ಲಿ ಒಬ್ಬರೇ ದೀರ್ಘ ಮೌನಕ್ಕೆ ಹೋಗಬೇಡಿ. ಆಗ ಬೇಕಿರುವುದು ಜೊತೆ. ಒಂದನೇ ಅರಸುಗಳ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಸಾಯಬೇಕು ಅಂತ ಜಾಲಿಗಿಡದ ಕೆಳಗೆ ಮಲಗಿದಾಗ ದೇವರು ಮೊದಲು ಕಳಿಸಿದ್ದು ರೊಟ್ಟಿ ಮತ್ತು ನೀರನ್ನು. ಎರಡು ಸಲ ಉಣ್ಣಿಸಿ, ನಿದ್ದೆ ಮಾಡಿಸಿದರು. ಹೋರೇಬಿನ ಗುಹೆ, ಮೆಲ್ಲನೆಯ ದನಿ ಎಲ್ಲ ಬಂದದ್ದು ಆಮೇಲೆ.

ಈಗ ವಿಧಾನಗಳು

ವರ್ಷಕ್ಕೊಂದು ಸಲ ಪೂರ್ತಿ ಓದುವುದನ್ನು ಮೊದಲು ನೋಡೋಣ. 66 ಪುಸ್ತಕಗಳ ಬೈಬಲ್‌ನಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರು ನಾಲ್ಕು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರಾಬರ್ಟ್ ಮರ್ರಿ ಮೆಕ್‌ಚೇನ್ ಅನ್ನುವ ಯುವ ಸಭಾಪಾಲಕರು 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟ ಪಟ್ಟಿಯನ್ನು ಇವತ್ತಿಗೂ ಎಷ್ಟೋ ಜನ ಬಳಸುತ್ತಾರೆ. ಅದರಲ್ಲಿ ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಬರುತ್ತವೆ. ಜೀವನದಲ್ಲಿ ಒಮ್ಮೆಯೂ ಪೂರ್ತಿ ಓದಿಲ್ಲ ಅನ್ನುವವರು ಇದನ್ನು ಒಂದು ವರ್ಷ ಮಾಡಲೇಬೇಕು ಅಂತ ನನ್ನ ಅನಿಸಿಕೆ. ಹಸು ಮೊದಲು ಮೇಯಬೇಕು. ಕಥೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಗೊತ್ತಿಲ್ಲದೆ ಒಂದೊಂದು ವಚನ ಕಿತ್ತು ಧ್ಯಾನಿಸಿದರೆ ನಮಗೆ ಬೇಕಾದ ಅರ್ಥವನ್ನೇ ಅದರ ಬಾಯಿಂದ ಹೇಳಿಸಿಬಿಡುತ್ತೇವೆ. ಆದರೆ ಇದು ಓದು, ಧ್ಯಾನ ಅಲ್ಲ. ಯಾಜಕಕಾಂಡದ ಹೊತ್ತಿಗೆ ನಾಲ್ಕು ದಿನ ಹಿಂದೆ ಬಿದ್ದಿರುತ್ತೀರಿ, ಆಮೇಲೆ ಟಿಕ್ ಹಾಕುವುದೇ ಗುರಿ ಆಗುತ್ತದೆ. ಆಗ ಹಿಂದೆ ಬಿದ್ದದ್ದನ್ನು ಬಿಟ್ಟು ಇವತ್ತಿನದಕ್ಕೆ ಹೋಗಿ, ಸಾಲ ತೀರಿಸಲು ಕೂರಬೇಡಿ.

ಇದರ ತದ್ವಿರುದ್ಧ ದಾರಿ ಲೆಕ್ಸಿಯೊ ದಿವಿನಾ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ‘ದೈವಿಕ ಓದು’ ಅಂತ ಅರ್ಥ. 12ನೇ ಶತಮಾನದಲ್ಲಿ ಎರಡನೇ ಗೀಗೊ ಅನ್ನುವ ಕಾರ್ಥೂಸಿಯನ್ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲ ಏಣಿ ಅಂತ ಬರೆದರು: ಓದು, ಧ್ಯಾನ, ಪ್ರಾರ್ಥನೆ, ಸುಮ್ಮನೆ ದೇವರ ಮುಂದೆ ಇರುವುದು. ಅವರ ಹೋಲಿಕೆ ಊಟದ್ದು. ಓದು ತುತ್ತನ್ನು ಬಾಯಿಗೆ ಇಡುತ್ತದೆ, ಧ್ಯಾನ ಅಗಿಯುತ್ತದೆ, ಪ್ರಾರ್ಥನೆ ರುಚಿ ಹಿಡಿಯುತ್ತದೆ, ಕೊನೆಯದು ಆ ಸವಿಯೇ.

ಮಾಡುವುದು ಹೀಗೆ. ಐದಾರು ವಚನ ಸಾಕು. ಗಟ್ಟಿಯಾಗಿ, ನಿಧಾನವಾಗಿ ಓದಿ. ಒಂದು ನಿಮಿಷ ಬಿಟ್ಟು ಮತ್ತೆ ಓದಿ. ಯಾವುದೋ ಒಂದು ಪದ ಕಾಲಿಗೆ ತೊಡರಿದ ಹಾಗೆ ಆಗುತ್ತದೆ. ಅಲ್ಲೇ ನಿಲ್ಲಿ, ಮುಂದೆ ಹೋಗಬೇಡಿ. 23ನೇ ಕೀರ್ತನೆಯನ್ನೇ ತೆಗೆದುಕೊಳ್ಳಿ, ನಮ್ಮಲ್ಲಿ ಯಾರಿಗೆ ಬಾಯಿಗೆ ಬರುವುದಿಲ್ಲ ಹೇಳಿ? ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಚಿಕ್ಕವಳಿದ್ದಾಗ ಈ ಕೊನೆಯ ಪದವನ್ನು ಕೊರತೆ ಪಡೆಯುತ್ತೇನೆ ಅಂತಲೇ ಅಂದುಕೊಂಡಿದ್ದೆ, ದೇವರು ಕುರುಬನಾಗಿದ್ದೂ ಯಾಕೆ ಕೊರತೆ ಅಂತ ಒಳಗೇ ಬೇಸರ. ಎಷ್ಟೋ ವರ್ಷದ ಮೇಲೆ ಒಂದು ಬೆಳಿಗ್ಗೆ ಲೆಕ್ಸಿಯೊ ಮಾಡುತ್ತಾ ಇದೇ ಪದದಲ್ಲಿ ನಿಂತೆ. ಇದು ಹಳೆಯ ಕನ್ನಡದ ರೂಪ, ಒಲ್ಲೆನು, ಅರಿಯೆನು ಅಂದ ಹಾಗೆ. ‘ಇಲ್ಲ’ ಅನ್ನುವ ಪದವೇ ಕಾಣುವುದಿಲ್ಲ, ಆದರೆ ಇಲ್ಲ ಅನ್ನುವುದು ಕ್ರಿಯಾಪದದ ಒಳಗೇ ಇದೆ. ಕೊರತೆಯೂ ನನ್ನದೇ ಬಾಯಲ್ಲಿದೆ, ಅದಿಲ್ಲ ಅನ್ನುವ ಮಾತೂ ಅದರೊಳಗೇ ಅಡಗಿದೆ. ಆ ತಿಂಗಳು ಮನೆಯಲ್ಲಿ ನಿಜವಾಗಿಯೂ ಕೊರತೆ ಇತ್ತು, ಸ್ಕೂಲ್ ಫೀಸು ಕಟ್ಟಿರಲಿಲ್ಲ. ನಾನು ಬೇರೆ ಏನೂ ಪ್ರಾರ್ಥಿಸಲಿಲ್ಲ. ಆ ಒಂದು ಪದವನ್ನೇ ಇಪ್ಪತ್ತು ನಿಮಿಷ ಹೇಳಿದೆ.

ಮುಂದಿನ ವಚನದಲ್ಲಿ ‘ತಂಗಿಸು’ ಅಂತ ಬರುತ್ತದೆ. ಬಸ್ಸಿಗೆ ಕಾಯುವಾಗ ನಿಲ್ಲುತ್ತೇವಲ್ಲ, ಆ ತಂಗುದಾಣದ ತಂಗು. ಆ ಪದ ಇನ್ನೊಂದು ವಾರ ಹಿಡಿಯಿತು. ಇಂಥ ಪದಗಳಲ್ಲಿ ನಿಂತಾಗ ಕಿಟೆಲ್ ಅವರ ನಿಘಂಟು ಪಕ್ಕದಲ್ಲಿದ್ದರೆ ಸಂತೋಷ. ಬಾಸೆಲ್ ಮಿಷನ್ನಿನವರಾಗಿ 1853ರಲ್ಲಿ ಬಂದ ಕಿಟೆಲ್ ಆ ನಿಘಂಟನ್ನು 1894ರಲ್ಲಿ ಹೊರತಂದರು, ಅಷ್ಟು ವರ್ಷ ಕನ್ನಡದ ಒಂದೊಂದು ಪದದ ಜೊತೆ ಕೂತಿದ್ದ ಮನುಷ್ಯ ಅವರು. ಆದರೆ ನಿಘಂಟನ್ನು ಧ್ಯಾನ ಮುಗಿದ ಮೇಲೆ ತೆಗೆಯಿರಿ. ನಡುವೆ ತೆಗೆದರೆ ಅದು ಅಭ್ಯಾಸದ ಮೇಜು ಆಗಿಬಿಡುತ್ತದೆ.

ಇಂಗ್ಲಿಷಿನಲ್ಲಿ ಓದುವ ನಮ್ಮ ಮಕ್ಕಳಿಗೂ ನಾನು ಇದನ್ನೇ ಹೇಳುತ್ತೇನೆ, ಧ್ಯಾನಕ್ಕೆ ಮಾತ್ರ ಮನೆಮಾತಿನ ಬೈಬಲ್ ಇಟ್ಟುಕೊಳ್ಳಿ. ಹಳೆಯ ಭಾಷಾಂತರ ಗಡುಸು ಅನಿಸಿದರೆ ಸುಲಭ ಕನ್ನಡದ್ದೂ ಇದೆ. ಆದರೆ ಗಡುಸಾದ ಪದವೇ ಕೆಲವೊಮ್ಮೆ ನಿಲ್ಲಿಸುತ್ತದೆ. ಸಲೀಸಾಗಿ ಓದಿಸಿಕೊಂಡು ಹೋಗುವುದು ಓದಿಗೆ ಒಳ್ಳೆಯದು, ಮೆಲುಕಿಗೆ ಅಷ್ಟು ಅಲ್ಲ.

ಲೆಕ್ಸಿಯೊ ಎಲ್ಲಿ ಸೋಲುತ್ತದೆ? ಭಾವನೆ ಹುಡುಕಿಕೊಂಡು ಹೋಗುವವರ ಕೈಯಲ್ಲಿ. ಯಾವ ಪದವೂ ತೊಡರದ ಬೆಳಗುಗಳು ಬರುತ್ತವೆ, ಸಾಲುಸಾಲಾಗಿ ಬರುತ್ತವೆ. ಆಗ ದೇವರು ಮಾತಾಡಲಿಲ್ಲ ಅಂತ ಬೇಸರವಾಗುತ್ತದೆ, ಅಥವಾ ಏನೋ ಒಂದನ್ನು ಮಾತಾಡಿದರು ಅಂತ ಕಟ್ಟಿಕೊಳ್ಳುತ್ತೇವೆ. ಎರಡೂ ಬೇಡ. ಓದಿ, ಕೂತು, ಎದ್ದು ಬನ್ನಿ.

ಅಂಥವರಿಗೆ ಮೂರನೇ ದಾರಿ ಹೆಚ್ಚು ಹೊಂದುತ್ತದೆ: ಒಂದೇ ಭಾಗ, ವಾರವಿಡೀ. ಜರ್ಮನ್ ಸಭಾಪಾಲಕ ಡೀಟ್ರಿಚ್ ಬಾನ್‌ಹಾಫರ್ 1935ರಿಂದ ಜರ್ಮನಿಯ ಫಿಂಕೆನ್‌ವಾಲ್ಡೆಯಲ್ಲಿ ಸಭಾಪಾಲಕರನ್ನು ತಯಾರು ಮಾಡುವ ಶಾಲೆ ನಡೆಸಿದರು. ಅಲ್ಲಿ ದಿನಾ ಅರ್ಧ ಗಂಟೆ ಮೌನ, ಇಡೀ ವಾರ ಅದೇ ಚಿಕ್ಕ ಭಾಗ. ವಿದ್ಯಾರ್ಥಿಗಳು ಮೊದಲು ಗೊಣಗಿದರು. 1937ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಶಾಲೆ ಮುಚ್ಚಿಸಿತು. ಚದುರಿಹೋದವರಿಗೆ ಅವರು ಪತ್ರ ಬರೆದು ಧ್ಯಾನ ಬಿಡಬೇಡಿ ಅಂತ ನೆನಪಿಸುತ್ತಿದ್ದರು. ಅವರ ಒಂದು ಕಟ್ಟುನಿಟ್ಟು ನನಗೆ ತುಂಬಾ ಮುಖ್ಯ: ಈ ಹೊತ್ತಲ್ಲಿ ಪ್ರಸಂಗಕ್ಕೆ ತಯಾರಿ ಮಾಡಬಾರದು. ಸಂಡೇ ಸ್ಕೂಲ್ ಟೀಚರ್‌ಗಳು, ಮನೆಕೂಟ ನಡೆಸುವವರು, ಸಭಾಪಾಲಕರು, ನೀವೆಲ್ಲ ಇದನ್ನು ಕೇಳಿಸಿಕೊಳ್ಳಿ. ಓದಿದ್ದೆಲ್ಲ ‘ಇದನ್ನು ಭಾನುವಾರ ಹೇಳಬಹುದು’ ಅಂತ ಕಾಣಲು ಶುರುವಾದರೆ ನಾವು ಬೇರೆಯವರಿಗೆ ಬಡಿಸುತ್ತಾ ಹಸಿದು ಸಾಯುತ್ತೇವೆ. ನಿಮಗೆ ಈ ದಾರಿಯೇ ಸರಿ ಅನ್ನುತ್ತೇನೆ, ಅದೂ ಆ ಭಾನುವಾರದ ಪಾಠಕ್ಕೆ ಸಂಬಂಧವೇ ಇಲ್ಲದ ಭಾಗ. ಮೂರನೇ ದಿನ ಬೇಜಾರಾಗುತ್ತದೆ, ಇನ್ನೇನೂ ಉಳಿದಿಲ್ಲ ಅನಿಸುತ್ತದೆ. ನನಗೆ ಸಾಮಾನ್ಯವಾಗಿ ಐದನೇ ದಿನ ಏನಾದರೂ ಕಾಣುತ್ತದೆ.

ಇಗ್ನೇಷಿಯಸ್ ಲೊಯೊಲಾ ಅವರ ದಾರಿ ಕಣ್ಣಿನದ್ದು. 1521ರಲ್ಲಿ ಯುದ್ಧದಲ್ಲಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದ ಸೈನಿಕ, ಆಮೇಲೆ ಮನ್ರೆಸಾ ಊರಿನಲ್ಲಿ ತಿಂಗಳುಗಟ್ಟಲೆ ಏಕಾಂತದಲ್ಲಿದ್ದು ಕಂಡುಕೊಂಡ ಅಭ್ಯಾಸಗಳನ್ನು ಬರೆದಿಟ್ಟವರು. ಸುವಾರ್ತೆಯ ಒಂದು ಘಟನೆಯನ್ನು ಓದಿ, ಆ ಜಾಗವನ್ನು ಕಣ್ಣಮುಂದೆ ತಂದುಕೊಂಡು, ಅಲ್ಲಿ ನಿಂತು ನೋಡುವುದು, ಕೇಳುವುದು, ವಾಸನೆ ಹಿಡಿಯುವುದು. ಮಾರ್ಕ 10ರ ಬಾರ್ತಿಮಾಯನನ್ನು ತೆಗೆದುಕೊಳ್ಳಿ. ದಾರಿ ಬದಿ, ಧೂಳು, ಬಿಸಿಲು, ಸುಮ್ಮನಿರು ಅಂತ ಗದರಿಸುವ ಜನ. ನೀವು ಆ ಜನರಲ್ಲಿ ಒಬ್ಬರಾ? ಕುರುಡನಾ? ಆತ ಎದ್ದಾಗ ಮೈಮೇಲಿನ ಬಟ್ಟೆಯನ್ನು ಬಿಸಾಡುತ್ತಾನೆ. ಭಿಕ್ಷೆ ಬೇಡುವವನಿಗೆ ಆ ಬಟ್ಟೆಯೇ ಹಾಸಿಗೆ, ಅದೇ ಹೊದಿಕೆ ಅಂತ ನನಗೆ ಅನಿಸಿತು, ಅದನ್ನು ಬಿಟ್ಟು ಓಡಿದ. ನಾನು ಬಿಡದೆ ಹೊದ್ದುಕೊಂಡಿರುವುದು ಏನು ಅಂತ ಆ ದಿನ ಗೊತ್ತಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಕಥೆ ಪ್ರೀತಿಸುವವರಿಗೆ, ಮಕ್ಕಳಿಗೆ, ಪದಗಳಿಂದ ದಣಿದವರಿಗೆ ಇದು ವರ. ಬೈಬಲ್ಲಿನ ಪತ್ರಗಳ ಭಾಗಕ್ಕೆ, ರೋಮಾಪುರದವರಿಗೆ ಬರೆದದ್ದು ಅಂಥವಕ್ಕೆ, ಇದು ಅಷ್ಟು ಒಗ್ಗುವುದಿಲ್ಲ. ನಮ್ಮ ಕಲ್ಪನೆ ಸುವಾರ್ತೆಯಲ್ಲಿ ಇಲ್ಲದ್ದನ್ನು ಸೇರಿಸಿಬಿಡಬಹುದು ಅನ್ನುವ ಭಯ ನಿಜ. ಮುಗಿದ ಮೇಲೆ ಮತ್ತೊಮ್ಮೆ ವಾಕ್ಯವನ್ನು ಓದಿ ಸರಿ ನೋಡಿಕೊಳ್ಳಿ. ಅವರ 30 ದಿನದ ಪೂರ್ತಿ ಅಭ್ಯಾಸವನ್ನು ಮಾತ್ರ ಮಾರ್ಗದರ್ಶಕರಿಲ್ಲದೆ ಮಾಡಬೇಡಿ. ಕೆಲಸ ಬಿಡಲಾಗದವರು ದಿನಕ್ಕೆ ಸ್ವಲ್ಪ ಹೊತ್ತಿನಂತೆ ತಿಂಗಳುಗಟ್ಟಲೆ ಹರಡಿ ಮಾಡುವ ಕ್ರಮವನ್ನೂ ಅವರೇ ಹೇಳಿದ್ದಾರೆ.

ಬಾಯಿಪಾಠ ಹಳೆಯದು, ಈಗ ನಾವು ಕೈಬಿಟ್ಟಿರುವುದು. ಏಕಾಂತವೇ ಸಿಗದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಗಲ್ಫಿನಲ್ಲಿ ಒಂದೇ ರೂಮಿನಲ್ಲಿ ಆರು ಜನ ಇರುವವರು, ರಾತ್ರಿ ಪಾಳಿಯ ನರ್ಸುಗಳು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು. ನಿಮ್ಮ ಕೈಯಲ್ಲಿ ಪುಸ್ತಕ ಇರುವುದಿಲ್ಲ, ಬಾಗಿಲು ಮುಚ್ಚಲು ಆಗುವುದಿಲ್ಲ. ಆದರೆ ಒಂದು ವಚನ ಬಾಯಲ್ಲಿದ್ದರೆ ಬಸ್ಸಿನ ಕಿಟಕಿ ಪಕ್ಕವೂ ಏಕಾಂತವೇ. ನಮ್ಮ ನೆಲದಲ್ಲಿ ಇದಕ್ಕೆ ದೊಡ್ಡ ಪರಂಪರೆ ಇದೆ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಚಿಕ್ಕಂದಿನಲ್ಲೇ ತಾಯಿಯ ಬಾಯಿಂದ ಕೇಳಿ ಸಾವಿರಾರು ಸಂಸ್ಕೃತ ಶ್ಲೋಕ ಕಲಿತಿದ್ದರು. ಮುಂದೆ ಕ್ರೈಸ್ತರಾದ ಆಕೆ ಕೊನೆಯ ವರ್ಷಗಳಲ್ಲಿ ಬೈಬಲನ್ನು ಮರಾಠಿಗೆ ತಂದರು, ಕೆಲಸ ಮುಗಿಸಿ 1922ರಲ್ಲಿ ತೀರಿಕೊಂಡರು.

ದೊಡ್ಡದಕ್ಕೆ ಕೈ ಹಾಕಬೇಡಿ. 119ನೇ ಕೀರ್ತನೆಯಲ್ಲಿ 176 ವಚನಗಳಿವೆ ಅಂತ ಎಲ್ಲರೂ ಹೆದರುತ್ತಾರೆ. ಆದರೆ ಅದನ್ನು ಕಟ್ಟಿರುವುದೇ ನೆನಪಿಗಾಗಿ, ಹೀಬ್ರೂವಿನ 22 ಅಕ್ಷರಗಳಿಗೆ ಒಂದೊಂದು ಕಂತು, ಕಂತಿಗೆ ಎಂಟು ವಚನ, ನಮ್ಮ ಅ ಆ ಇ ಈ ಸಾಲು ಹಿಡಿದು ಪದ್ಯ ಕಟ್ಟಿದ ಹಾಗೆ. ವಾರಕ್ಕೆ ಎರಡು ವಚನ ಕಲಿತರೆ ತಿಂಗಳಿಗೆ ಒಂದು ಕಂತು. ಪೂರ್ವ ದೇಶಗಳ ಆರ್ಥೊಡಾಕ್ಸ್ ಸಭೆಗಳವರ ಚಿಕ್ಕ ಪ್ರಾರ್ಥನೆಯೂ ಇದೇ ಜಾತಿಯದು: ಕರ್ತನಾದ ಯೇಸು ಕ್ರಿಸ್ತನೇ, ದೇವಕುಮಾರನೇ, ಪಾಪಿಯಾದ ನನ್ನನ್ನು ಕರುಣಿಸು. ಉಸಿರಿನ ಜೊತೆ ಹೇಳಿಕೊಳ್ಳುತ್ತಾರೆ. ನಿದ್ದೆ ಬಾರದ ರಾತ್ರಿಗೆ ನನಗೆ ಇದು ಸಾಕು.

ಮೊಬೈಲ್ ಆ್ಯಪ್ ಬಗ್ಗೆ ಕೇಳುವವರಿಗೆ: ಕೇಳಲು ಚೆನ್ನ, ಕಣ್ಣು ಮಂಜಾದ ಹಿರಿಯರಿಗೆ ತುಂಬಾ ಚೆನ್ನ. ಧ್ಯಾನಕ್ಕೆ ಕಾಗದದ ಪುಸ್ತಕವೇ ಇರಲಿ. ಮೆಸೇಜು ಬರುವ ಸಾಧನವನ್ನು ಕೈಯಲ್ಲಿ ಹಿಡಿದು ಏಕಾಂತ ಮಾಡುವುದು ಬಾಗಿಲು ತೆರೆದಿಟ್ಟು ಒಳಗೆ ಕೂತ ಹಾಗೆ.

ಹಾಗಾದರೆ ನಾನು ಯಾವುದನ್ನು ಹಿಡಿಯಲಿ?

ನಿಮ್ಮನ್ನು ನಿಲ್ಲಿಸುತ್ತಿರುವುದು ಏನು ಅಂತ ಮೊದಲು ನೋಡಿ. ಬೈಬಲ್ ಗೊತ್ತೇ ಇಲ್ಲ ಅಂದರೆ ವರ್ಷದ ಓದು. ಗೊತ್ತಿದೆ, ಆದರೆ ಎದೆಗೆ ಇಳಿಯುತ್ತಿಲ್ಲ ಅಂದರೆ ಲೆಕ್ಸಿಯೊ. ಬೇರೆಯವರಿಗೆ ಕಲಿಸಿ ಕಲಿಸಿ ಒಣಗಿದ್ದೀರಿ ಅಂದರೆ ವಾರಕ್ಕೊಂದೇ ಭಾಗ. ಮಾತುಗಳೇ ಸಾಕಾಗಿವೆ ಅಂದರೆ ಇಗ್ನೇಷಿಯಸ್. ಹೊತ್ತೂ ಇಲ್ಲ ಜಾಗವೂ ಇಲ್ಲ ಅಂದರೆ ಬಾಯಿಪಾಠ. ಎರಡನ್ನು ಬೆರೆಸಬಹುದು, ನಾನು ಸಂಜೆ ಒಂದು ಅಧ್ಯಾಯ ಸರಾಗ ಓದುತ್ತೇನೆ, ಬೆಳಿಗ್ಗೆ ಅದರಲ್ಲೇ ನಾಲ್ಕು ವಚನ ಹಿಡಿದು ಕೂರುತ್ತೇನೆ. ಮೂರನ್ನು ಬೆರೆಸಬೇಡಿ.

ಹಿಡಿದದ್ದನ್ನು ಆರು ವಾರ ಬಿಡಬೇಡಿ. ನಡುವೆ ಒಂದು ಹೊತ್ತು ಬರುತ್ತದೆ. 4ನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಇವಾಗ್ರಿಯಸ್ ಅನ್ನುವ ಸನ್ಯಾಸಿ ಅದನ್ನು ಮಧ್ಯಾಹ್ನದ ದೆವ್ವ ಅಂತ ಕರೆದರು. ಸೂರ್ಯ ಅಲುಗುತ್ತಲೇ ಇಲ್ಲ ಅನಿಸುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಯಾರಾದರೂ ಬರುತ್ತಾರಾ ಅಂತ, ಈ ಜಾಗವೇ ಸರಿಯಿಲ್ಲ, ಬೇರೆ ಕಡೆ ಹೋದರೆ ಚೆನ್ನಾಗಿ ಪ್ರಾರ್ಥಿಸಬಹುದಿತ್ತು ಅಂತ ಯೋಚಿಸುತ್ತಾನೆ. ನಮಗೆ ಅದೇ ಹೊತ್ತು ‘ಈ ವಿಧಾನ ನನಗೆ ಸರಿಹೊಂದುತ್ತಿಲ್ಲ, ಬೇರೆ ನೋಡೋಣ’ ಅಂತ ಬರುತ್ತದೆ. ಆ ಯೋಚನೆ ಮೂರನೇ ವಾರ ಬಂದರೆ ನಂಬಬೇಡಿ. ಆರು ವಾರ ಆದಮೇಲೂ ಇದ್ದರೆ ಆಗ ಬದಲಾಯಿಸಿ, ಯಾವ ಅಪರಾಧ ಭಾವವೂ ಬೇಡ. ಒಂದು ದಿನ ತಪ್ಪಿದರೆ ಮರುದಿನ ಅದೇ ಜಾಗದಿಂದ ಶುರು ಮಾಡಿ.

ನಾನು ಈ ವಾರ 131ನೇ ಕೀರ್ತನೆಯಲ್ಲಿದ್ದೇನೆ. ಮೂರೇ ವಚನ ಇರುವ ಕೀರ್ತನೆ. ಮೊಲೆ ಬಿಟ್ಟ ಮಗು ತಾಯಿಯ ಹತ್ತಿರ ಇರುವ ಹಾಗೆ ಅಂತ ಎರಡನೇ ವಚನದಲ್ಲಿ ಬರುತ್ತದೆ. ಹಾಲಿಗಾಗಿ ಬಂದ ಮಗು ಅಲ್ಲ ಅದು, ಹಾಲು ಬಿಟ್ಟ ಮೇಲೂ ಬಂದು ಕೂತಿರುವ ಮಗು. ಇವತ್ತಿಗೆ ನಾಲ್ಕು ದಿನ ಆಯಿತು, ಮೂರನೇ ವಚನಕ್ಕೆ ಇನ್ನೂ ಹೋಗಿಲ್ಲ.